ಸುಹಾಸನನ್ನು ಕೆಳಗಿಳಿಸಿದ ಕಥೆ

ನಿಗಡಿಯಲ್ಲಿ ಉಡುಪಿ ಹೋಟೆಲು ನಡೆಸುವ ಸುಂದರ ಶೆಟ್ಟರು ಗಲ್ಲೆಯಲ್ಲಿ ಕೂತು ಬಿಟ್ಟ ಬುರುಡೆಗೆ ಲೆಕ್ಕವಿಲ್ಲ. ಮಗ ಸುಹಾಸ ಬಾಂಬರ್ ವಿಮಾನದ ಪೈಲಟ್ ಆದ ಮೇಲಂತೂ, ಅವನು ಹೋಟೆಲಿನ ಮೇಲೆ ತಗ್ಗಿ ಹಾರಿದ್ದಕ್ಕೆ ಕಾವಲಿಯ ಮೇಲಿದ್ದ ದೋಸೆಗಳೆಲ್ಲ ತಾವಾಗಿ ಮಗುಚಿಕೊಂಡವು ಎಂದು ಒಂಚೂರೂ ನಗದೆ ಹೇಳುತ್ತಿದ್ದರು.

ಯುದ್ಧ ಶುರುವಾದ ವಾರವೇ ಸುಹಾಸನ ವಿಮಾನ ಗಡಿಯ ಹತ್ತಿರ ಉರಿದುಬಿತ್ತು. ಇಪ್ಪತ್ತಾರರ ಹುಡುಗ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಮನೆಗೆ ಬಂದ. ತೆರೆಯುವುದು ಬೇಡ ಎಂದರು ಜೊತೆಗೆ ಬಂದ ಅಧಿಕಾರಿ.

ಉತ್ತರಕ್ರಿಯೆ ಮುಗಿದು ನೆಂಟರು ಹೋದ ಮೇಲೆ ಹೆಂಡತಿ ಕುಸುಮಕ್ಕ ಶೆಟ್ಟರ ಪಕ್ಕ ಬಂದು ಕೂತರು.

"ಊರಿಗೆಲ್ಲ ಬುರುಡೆ ಬಿಡ್ತೀರಲ್ಲ, ನಂಗೂ ಒಂದು ಬಿಡಿ. ಅವನ ಮುಖ ನಾನು ನೋಡ್ಲೇ ಇಲ್ಲ. ಅವನನ್ನ ಕೆಳಗೆ ಇಳ್ಸಿ."

ಶೆಟ್ಟರು ಶುರುಮಾಡಿದರು. "ಬೆಂಕಿ ಹತ್ತಿದ್ದೇ ಹಾರಿದ ಮಾರಾಯ್ತಿ. ಪ್ಯಾರಾಚೂಟ್ ಬಿಚ್ತು. ಗಾಳಿ ಎಂಥದ್ದು ಅಂದ್ರೆ, ಸೀದಾ ಇಲ್ಲೇ ಪಕ್ಕದ ಲೋಣಾವಳಾಕ್ಕೆ ತಂದು ಚಿಕ್ಕಿ ಅಂಗಡಿ ಮಾಡಿನ ಮೇಲೆ ಕೂರ್ಸಿತು."

"ಪೆಟ್ಟಾಯ್ತಾ?"

"ಒಂದು ಗೀರೂ ಇಲ್ಲ. ಅಂಗಡಿಯವನೇ ಏಣಿ ಇಟ್ಟ."

"ಮತ್ತೆ ಮನೆಗೆ ಎಂತಕ್ಕೆ ಬರ್ಲಿಲ್ಲ?"

"ಲೋಕಲ್ ರೈಲು ತಡ ಇರ್ಬೇಕು."

ಕುಸುಮಕ್ಕ ಎದ್ದು ಒಳಗೆ ಹೋಗಿ ಮೂವರಿಗಾಗುವಷ್ಟು ಅಕ್ಕಿ ತೊಳೆಯತೊಡಗಿದರು.