ಹಿಂಬಾಗಿಲಿನ ಕೊಂಡಿ

ತೂಗುತ್ತಿದೆ, ಇನ್ನೂ ತೂಗುತ್ತಿದೆ, ಚರ್ಚಿನ ಪಾಪನಿವೇದನೆಯ ಗೂಡಿನಿಂದ ಹೊರಬಂದ ಮುದುಕ ಬಾಗಿಲನ್ನು ಹಾಗೆಯೇ ಬಿಟ್ಟು ನಡೆದ, ಅಂಚಿನ ಕಬ್ಬಿಣದ ಕೊಂಡಿ ಮರಕ್ಕೆ ತಾಗಿ ಟಕ್ ಟಕ್ ಎನ್ನುತ್ತಿದೆ, ನೋಡಬಾರದು ಎಂದುಕೊಂಡಳು ದೆಲ್ವಿನಾ, ನೋಡಿದಳು, ಪಕ್ಕದಲ್ಲಿ ಕುಳಿತ ಅಕ್ಕ ಓಡಿಲ್ ಕೂಡ ಅದನ್ನೇ ನೋಡುತ್ತಿದ್ದಾಳೆ — ಎಪ್ಪತ್ತೆರಡರ ಅಕ್ಕ, ಅರವತ್ತೈದರ ತಂಗಿ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ಶನಿವಾರದ ಮಧ್ಯಾಹ್ನ, ಸಾಲಿನಲ್ಲಿ ಉಳಿದವರು ಇವರಿಬ್ಬರೇ, ಒದ್ದೆ ಉಣ್ಣೆಯ ವಾಸನೆ, ಮೇಣದ ವಾಸನೆ, ಬೂಟಿನಿಂದ ಕರಗಿ ಹರಿಯುವ ಹಿಮ. ಯಾಕೇ ಮುಖ ಹಾಗೆ ಮಾಡ್ಕೊಂಡಿದೀಯ, ಇಸ್ಪೀಟಲ್ಲಿ ಮೋಸ ಮಾಡೋದು ಬಿಟ್ರೆ ನಿಂದೇನಿರುತ್ತೆ ಪಾಪ, ಬೇಗ ಮುಗಿಸ್ಕೊಂಡು ಬಾ, ಆಲೂಗೆಡ್ಡೆ ಕಡುಬು ಒಲೆ ಮೇಲಿದೆ, ಎಂದಳು ಅಕ್ಕ. ನಿಂದೇನಕ್ಕ ಈ ಸಲ? ನಂದು ಗೊತ್ತಲ್ಲ, ಅದೇ. ಅದೇ, ಎಂದು ಎದ್ದಳು ಓಡಿಲ್, ಒಮ್ಮೆ ಕ್ಷಮಿಸಿದ್ದನ್ನು ಮತ್ತೆ ತರಬೇಡಮ್ಮ ಎಂದು ಮೂವರು ಪಾದ್ರಿಗಳು ಗದರಿಸಿದ್ದಾರೆ, ಆದರೂ ನಲವತ್ತಾರು ತಪಸ್ಸುಕಾಲಗಳಿಂದ ಅದೇ ಒಂದು ಪಾಪವನ್ನು ಹೊಸದಾಗಿ ಒಗೆದ ಬಟ್ಟೆಯಂತೆ ಮಡಿಸಿ ಒಯ್ಯುತ್ತಾಳೆ, ಅವಳದ್ದಲ್ಲದ ಪಾಪವನ್ನು.

ಬಟ್ಟೆ, ಹೌದು, ಅಂದೂ ಬಟ್ಟೆಯೇ, ಮಾರ್ಚ್ ತಿಂಗಳ ಚಳಿಗೆ ತಂತಿಯ ಮೇಲೆ ಹಲಗೆಯಂತೆ ಸೆಟೆದ ಬಟ್ಟೆಗಳನ್ನು ತೋಳತುಂಬ ಅಪ್ಪಿ ಹಿಂಬಾಗಿಲಿನಿಂದ ಬರುತ್ತಿದ್ದಾಳೆ ಇಪ್ಪತ್ತಾರರ ಓಡಿಲ್, ಬೆನ್ನಿನಿಂದ ಬಾಗಿಲು ನೂಕುತ್ತಾಳೆ, ಮೊಣಕೈಯಿಂದ ಕೊಂಡಿ ಹಾಕುತ್ತಾಳೆ, ಹಾಕಿದಳು, ಮೆಟ್ಟಿಲ ಮೇಲೆ ನಿಂತ ಹತ್ತೊಂಬತ್ತರ ದೆಲ್ವಿನಾ ಕಣ್ಣಾರೆ ಕಂಡಳು. ಅಕ್ಕ ಇಸ್ತ್ರಿಗೆಂದು ಅಟ್ಟಕ್ಕೆ ಹೋದಳು, ಅವಳ ಮಗ, ಮೂರು ವರ್ಷದ ರೆಮಿ, ಒಲೆಯ ಬಳಿ ಬೆಂಚಿನ ಮೇಲೆ ಮಲಗಿದ್ದ, ಹಿಂದಿನ ಓಣಿಯಲ್ಲಿ ದೆಲ್ವಿನಾಳ ಗೆಳೆಯ ಎಮೆರಿಯ ಟ್ರಕ್ಕು ಎರಡು ಸಲ ಹಾರ್ನ್ ಮಾಡಿತು, ಎರಡೇ ಮಾತು ಎಂದುಕೊಂಡು ಕೊಂಡಿ ಎತ್ತಿ ಹೊರಬಿದ್ದಳು ದೆಲ್ವಿನಾ, ಹೊರಗಿನಿಂದ ಹಾಕಲಾಗದ ಕೊಂಡಿ ಅದು, ಎರಡು ಮಾತು ಇಪ್ಪತ್ತಾದವು, ಟ್ರಕ್ಕು ಅವಳನ್ನು ಮುಂಬಾಗಿಲಲ್ಲಿ ಇಳಿಸಿತು, ಅಲ್ಲಿಂದ ಮೆಲ್ಲನೆ ಒಳಬಂದಾಗ ಬೆಂಚಿನ ಮೇಲೆ ಕಂಬಳಿ ಮಾತ್ರ. ಓಣಿಯಾಚೆ ಕಡಲ ಖಾರಿಯ ಹಿಮಗಡ್ಡೆ ಮಾರ್ಚ್‌ನಲ್ಲೂ ಬೆಳ್ಳಗೇ ಕಾಣುತ್ತದೆ, ತೆಳುವೋ ದಪ್ಪವೋ ಮಗುವಿಗೇನು ಗೊತ್ತು, ಅದು ಒಡೆದು ಒಳಗೆ ಮುಳುಗಿದ್ದ. ಅಡುಗೆಮನೆ ತುಂಬ ನೆರೆಯವರು, ಓಡಿಲ್ ಎಲ್ಲರ ಕೈ ಹಿಡಿದು ಹೇಳುತ್ತಿದ್ದಾಳೆ, ನಾನೇ ಮರೆತೆ, ಕೈತುಂಬ ಬಟ್ಟೆ ಇತ್ತು, ಕೊಂಡಿ ಹಾಕೋದು ಮರೆತೆ — ಅಲ್ಲಕ್ಕ ಎನ್ನಲು ಒಂದು ಉಸಿರು ಸಾಕಿತ್ತು, ಆ ಉಸಿರು ಬರಲಿಲ್ಲ. ಆಗ ಊರಿನ ಪಾದ್ರಿ ಅಮ್ಮನ ಸ್ವಂತ ತಮ್ಮ, ಭಾನುವಾರ ಇದೇ ಮೇಜಿನಲ್ಲಿ ಉಣ್ಣುವವರು, ಅವರ ಕಿವಿಗೆ ಹೇಳುವುದೆಂತು, ಹಾಗಾಗಿ ಗೂಡಿನಲ್ಲಿ ಸುಳ್ಳಾಡಿದೆ, ಶುಕ್ರವಾರ ಮಾಂಸ ತಿಂದೆ, ಇಷ್ಟೇ ಹೇಳಿದಳು, ಬೇಕೆಂದೇ ಒಂದು ದೊಡ್ಡದನ್ನು ಬಚ್ಚಿಟ್ಟರೆ ಇಡೀ ನಿವೇದನೆಯೇ ಅಸಿಂಧು ಎಂದು ಧರ್ಮೋಪದೇಶದ ತರಗತಿಯಲ್ಲಿ ಕಂಠಪಾಠ ಮಾಡಿದವಳೇ, ಆಮೇಲೆ ಪ್ರತಿ ಭಾನುವಾರ ನಾಲಗೆಯ ಮೇಲೆ ಪರಮಪ್ರಸಾದ, ಪ್ರತಿ ಭಾನುವಾರ ಅದರ ಮೇಲೊಂದು ಪಾಪ.

ಓಡಿಲ್ ಹೊರಬಂದಳು, ಕಣ್ಣು ಕೆಂಪಾಗಿದೆ, ಹೊಸಬರು ಒಳ್ಳೆಯವರು ಕಣೇ, ಪೂರ್ತಿ ಕೇಳಿಸ್ಕೊಂಡ್ರು, ಎಂದಳು. ಹೊಸಬರು ಕಾಂಗೋದಿಂದ ಬಂದ ಫಾದರ್ ಬೊನಿಫಾಸ್, ತಪಸ್ಸುಕಾಲಕ್ಕೆಂದು ಬಂದವರು, ನಾಳೆ ಹೊರಟುಹೋಗುತ್ತಾರೆ, ಇಂದಲ್ಲದಿದ್ದರೆ ಇನ್ನಿಲ್ಲ. ಮಂಡಿಯೂರಿದಳು ದೆಲ್ವಿನಾ, ಜಾಲರಿಯಾಚೆ ಒಂದು ಕಿವಿ, ನರೆತ ಕೆನ್ನೆಗೂದಲು. ಹಿಂದಿನ ನಿವೇದನೆ ಯಾವಾಗಮ್ಮ? ಹೋದ ವರ್ಷ ಅನ್ನಬೇಕು ಫಾದರ್, ಆದ್ರೆ ನಿಜವಾದದ್ದು ನಲವತ್ತಾರು ವರ್ಷದ ಹಿಂದೆ. ಮತ್ತೆ ಮಾತು ನಿಲ್ಲಲಿಲ್ಲ, ಬಟ್ಟೆ, ಹಾರ್ನು, ಕೊಂಡಿ, ಕಂಬಳಿ, ನಾನೇ ತೆಗೆದದ್ದು, ಅಕ್ಕ ಹಾಕಿದ್ದಳು, ನಾನೇ — ಹಿಂಬಾಗಿಲಿನ ಕೊಂಡಿ ಎಂದಾಗ ಜಾಲರಿಯಾಚೆಯ ಉಸಿರು ತಟ್ಟನೆ ನಿಂತದ್ದು ಕೇಳಿಸಿತು, ಆಗ ಅರಿವಾಯಿತು, ಹತ್ತು ನಿಮಿಷದ ಹಿಂದೆ ಇದೇ ಬಾಗಿಲು, ಇದೇ ಮಗು ಈ ಕಿವಿಗೆ ಬಿದ್ದಿವೆ, ಕಥೆಯ ಎರಡು ಹೋಳನ್ನೂ ಕೇಳಿದ ಲೋಕದ ಒಬ್ಬನೇ ಮನುಷ್ಯ ಈತ, ಮತ್ತು ಸಾಯುವ ತನಕ ಒಂದನ್ನು ಇನ್ನೊಂದಕ್ಕೆ ಜೋಡಿಸುವಂತಿಲ್ಲ, ನಿವೇದನೆಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳಬಾರದೆಂದು ತುಟಿಗೆ ಮುದ್ರೆ ಬಿದ್ದವನು. ಕೈ ಎತ್ತಿದರು, ಪಾಪಗಳನ್ನು ಕ್ಷಮಿಸುತ್ತೇನೆ ಎಂದರು, ಪ್ರಾಯಶ್ಚಿತ್ತಕ್ಕೆ ಒಂದೇ ಒಂದು ಪ್ರಾರ್ಥನೆ. ಇಷ್ಟೇನಾ ಫಾದರ್? ದೇವರಿಗೆ ಇಷ್ಟು ಸಾಕು ತಾಯಿ. ಅಕ್ಕನಿಗೆ? ಜಾಲರಿಯಾಚೆ ಫಾದರ್ ತಲೆ ಬಾಗಿಸಿದರು.

ಎದ್ದಳು, ಹಗುರವಾಗಬೇಕಿತ್ತು, ಆಗಲಿಲ್ಲ, ಹಗುರವಾಗಬೇಕಾದವಳು ಹೊರಗಿದ್ದಾಳೆ, ಕೋಟು ತೊಟ್ಟು ಕಾಯುತ್ತಿದ್ದಾಳೆ, ಎಷ್ಟು ಪ್ರಾರ್ಥನೆ ಬಿತ್ತೇ ನಿನಗೆ, ಅರ್ಧ ಗಂಟೆ ಹಿಡೀತು, ಯಾರನ್ನ ಕೊಂದೆ ಎಂದು ನಗುತ್ತಾಳೆ ಓಡಿಲ್, ನಗುತ್ತಲೇ ತಂಗಿಯನ್ನು ದಾಟಿ ಗೂಡಿನ ಬಾಗಿಲಿಗೆ ಕೈಚಾಚುತ್ತಾಳೆ, ಯಾವ ಮನೆಗೆ ಹೋದರೂ, ಯಾವ ಅಂಗಡಿಗೆ ಹೋದರೂ ಹೀಗೆಯೇ, ಮೂರು ಸಲ ಹಾಕಿ ತೆಗೆದು ಹಾಕಿ ನೋಡದೆ ಅವಳ ಬೆರಳು ಯಾವ ಬಾಗಿಲನ್ನೂ ಬಿಟ್ಟಿಲ್ಲ, ನಲವತ್ತಾರು ವರ್ಷದಿಂದ ಬಿಟ್ಟಿಲ್ಲ, ಒಮ್ಮೆ, ಟಕ್, ಎರಡನೆಯ ಸಲ, ಟಕ್ — ಅಕ್ಕ, ಎಂದಳು ದೆಲ್ವಿನಾ, ಆ ಮುದಿ ಕೈಯ ಮೇಲೆ ಕೈಯಿಟ್ಟು, ಅವತ್ತು ನೀನು ಕೊಂಡಿ ಹಾಕಿದ್ದೆ, ನಾನು ನೋಡಿದೆ, ತೆಗೆದವಳು ನಾನು — ಕೈ ಅಲುಗಲಿಲ್ಲ, ಮುಖ ಇತ್ತ ತಿರುಗಲಿಲ್ಲ, ಆಮೇಲೆ ತಣ್ಣಗಿನ ಬೆರಳುಗಳು ಒಂದೊಂದಾಗಿ ಅವಳ ಅಂಗೈಯ ಕೆಳಗಿಂದ ಜಾರಿಕೊಂಡವು, ಮೂರನೆಯ ಸಲ ಯಾರೂ ಹಾಕಲಿಲ್ಲ, ಕೊಂಡಿ ತೂಗುತ್ತಿದೆ, ತೂಗುತ್ತಿದೆ, ಕೊಂಡಿ.