ಹಸನ ಮಾಡಿದ ಹೊಲ

ಜಿನ್ನವ್ವ ಮಗನಿಗೆ ಹೊದಿಸಿದ ಬಿಳಿ ಬಟ್ಟೆಯ ಮೇಲಿಂದ ಮಸಿಯ ಎಳೆಗಳನ್ನು ಹೆಕ್ಕಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ಒಂದನ್ನು ತೆಗೆಯುವಷ್ಟರಲ್ಲಿ ಮತ್ತೊಂದು ಬಂದು ಬೀಳುತ್ತಿತ್ತು. ಬೆರಳು ತುಸು ಬಿರುಸಾದರೆ ಎಳೆ ಪುಡಿಯಾಗಿ ಬಟ್ಟೆಯ ಮೇಲೆ ಕಪ್ಪು ಗೀರು ಬಳಿಯುತ್ತಿತ್ತು. ಮಾಘ ಮಾಸ. ಕುಲಗೋಡದ ಸುತ್ತೆಲ್ಲ ಕಬ್ಬಿನ ಕಟಾವು ನಡೆದಿತ್ತು. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಹೊಲದ ತುಂಬ ಉಳಿಯುವ ಒಣ ಗರಿಗೆ, ಅಂದರೆ ರವದಿಗೆ, ದಿನವೂ ಎಲ್ಲೋ ಒಂದು ಕಡೆ ಯಾರಾದರೂ ಬೆಂಕಿ ಇಡುತ್ತಿದ್ದರು. ಅದರ ಮಸಿ ಗಾಳಿಯಲ್ಲಿ ತೇಲಿ ಊರ ಅಂಗಳಗಳಲ್ಲಿ ಇಳಿಯುತ್ತಿತ್ತು.

"ಬಿಡ್ರಿ ಅತ್ತಿ, ಎಷ್ಟಂತ ತಗೀತೀರಿ?" ಎಂದಳು ಸೊಸೆ ಶುಭಾಂಗಿ. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಅಂವಗ ಇದು ಆಗತಿರಲಿಲ್ಲವಾ," ಎಂದಳು ಜಿನ್ನವ್ವ, ಕೈ ನಿಲ್ಲಿಸದೆ.

ಗೊಮ್ಮಟೇಶ ನಸುಕಿನಲ್ಲಿ ಎದ್ದು ಎಂದಿನಂತೆ ಹೊಲಕ್ಕೆ ಹೋಗಿದ್ದ. ಬಾಜೂ ಹೊಲದ ಉದ್ದಪ್ಪ ಕುರಿ ಬಿಟ್ಟುಕೊಂಡು ಬಂದಾಗ ಅವನು ಬೇವಿನ ಗಿಡಕ್ಕೆ ಒರಗಿ ಕುಳಿತಿದ್ದನಂತೆ. "ಏನ್ರಿ ಸಾಹೇಬ್ರ, ಎಲಿ ಎಣಸಾಕತ್ತೀರೇನು?" ಎಂದು ಉದ್ದಪ್ಪ ಚೇಷ್ಟೆ ಮಾಡಿದ. ಉತ್ತರ ಬರಲಿಲ್ಲ. ಹತ್ತಿರ ಬಂದು ನೋಡಿದರೆ ಕಣ್ಣು ತೆರೆದೇ ಇದ್ದವು. ಎದೆ ನಿಂತು ಎಷ್ಟೋ ಹೊತ್ತಾಗಿತ್ತು.

ಅಂಗಳದಲ್ಲಿ ಜಿನ್ನವ್ವನ ಮೈದುನ ಭೂಪಾಲ ಕಟ್ಟಿಗೆ ನೋಡುತ್ತಿದ್ದ. ಒಂದೊಂದು ತುಂಡನ್ನೂ ನೆಲಕ್ಕೆ ಬಡಿದು, ಇರುವೆ ಗೆದ್ದಲು ಉದುರಿದ ಮೇಲೆಯೇ ಬಂಡಿಗೆ ಏರಿಸುತ್ತಿದ್ದ. ಚಿತೆಯಲ್ಲಿ ಇನ್ನೊಂದು ಜೀವ ಬೇಯಬಾರದು. ಹೊತ್ತು ಮುಳುಗಿದ ಮೇಲೆ ಬೆಂಕಿ ಇಟ್ಟರೆ ಹುಳುಹುಪ್ಪಟೆ ಬಂದು ಬೀಳುತ್ತವೆ, ಅದಕ್ಕೆ ಹೊತ್ತಿರುವಾಗಲೇ ಸುಡಬೇಕು. ಆ ಮನೆತನದಲ್ಲಿ ತಲೆತಲಾಂತರದಿಂದ ಹಾಗೆಯೇ ನಡೆದುಕೊಂಡು ಬಂದಿತ್ತು. ಸುಡುವ ಜಾಗವೂ ಗೊತ್ತಿದ್ದದ್ದೇ: ಹೊಲದ ಬೇವಿನ ಗಿಡದ ಮೂಲೆ. ಗೊಮ್ಮಟೇಶನ ಅಪ್ಪನನ್ನೂ ಅಜ್ಜನನ್ನೂ ಸುಟ್ಟದ್ದು ಅಲ್ಲಿಯೇ.

"ಕೆಂಚಪ್ಪಾ, ನೀ ಮುಂದ ನಡಿ," ಎಂದು ಭೂಪಾಲ ಆಳಿಗೆ ಹೇಳಿದ. "ಬೇವಿನ ಗಿಡದ ಮೂಲಿ ಹಸನ ಮಾಡಿ ಇಡು. ನಾವು ಬರೂದರಾಗ ಜಾಗಾ ತಯಾರ ಇರಲಿ."

"ಹೂನ್ರಿ ಯಜಮಾನ್ರ," ಎಂದು ಕೆಂಚಪ್ಪ ಕುಡುಗೋಲು ಹಿಡಿದು ಹೊರಟ.

*

ಹುಕ್ಕೇರಿಯ ಆಚೆ ಕಬ್ಬಿನ ಸಂಶೋಧನೆಯ ಒಂದು ತೋಟದಲ್ಲಿ ಗೊಮ್ಮಟೇಶನಿಗೆ ನೌಕರಿ. ಮಣ್ಣು ಪರೀಕ್ಷೆ ಅವನ ಕೆಲಸ. ಒಮ್ಮೆ ಜಿನ್ನವ್ವ ಅಲ್ಲಿಗೆ ಹೋಗಿದ್ದಳು. ಮಗ ಅವಳನ್ನು ಒಂದು ಸಣ್ಣ ಖೋಲಿಗೆ ಕರೆದೊಯ್ದು, ಗೋಡೆಯ ಪಕ್ಕದಲ್ಲಿದ್ದ ಕಬ್ಬಿಣದ ಪೆಟ್ಟಿಗೆ ತೋರಿಸಿದ. ಅದರ ಬಾಗಿಲ ಸಂದಿಯಲ್ಲಿ ಕೆಂಪು ಬೆಳಕು ಕಾಣುತ್ತಿತ್ತು.

"ಇದು ಕರೆಂಟಿನ ಕುಲುಮಿ ಅವ್ವಾ."

"ಏನ ಬೇಯಸ್ತಿ ಇದರಾಗ?"

"ಮಣ್ಣು."

"ಮಣ್ಣು ಬೇಯಸ್ತಾರೇನೋ ಹುಚ್ಚಪ್ಪಾ? ಉಣ್ಣಾಕೇನು?"

ಗೊಮ್ಮಟೇಶ ನಕ್ಕು ಒಂದು ಪಿಂಗಾಣಿ ಬಟ್ಟಲನ್ನು ಅವಳ ಮುಂದೆ ಹಿಡಿದ. ಅದರಲ್ಲಿದ್ದದ್ದು ಅವರ ಕಡೆಯ ಎರೆ ಮಣ್ಣು. ಸುಟ್ಟು ಇಟ್ಟಂಗಿಯಂತೆ ಕೆಂಪಾಗಿತ್ತು. "ಮದಲ ತೂಗೂದು, ಆಮ್ಯಾಲ ಸುಡೂದು, ಸುಟ್ಟ ಮ್ಯಾಲ ಮತ್ತ ತೂಗೂದು. ಎಷ್ಟು ಕಡಿಮಿ ಬಂತು, ಅದರಾಗ ಅಷ್ಟು ಜೀವದ ಅಂಶ ಇತ್ತು ಅಂತ ತಿಳಿಯೂದು."

ಜಿನ್ನವ್ವ ಬಟ್ಟಲನ್ನು ಮುಟ್ಟಲಿಲ್ಲ. ಮಣ್ಣಿಗೂ ಜೀವವಿದೆ ಎಂದು ಅವಳು ಬಸದಿಯಲ್ಲಿ ಚಿಕ್ಕಂದಿನಿಂದ ಕೇಳಿದವಳು. ತಪಸ್ಸಿನಿಂದ ಕರ್ಮ ಸುಡುತ್ತದೆ ಎಂಬುದನ್ನೂ ಅಲ್ಲಿಯೇ ಕೇಳಿದ್ದಳು. ಒಳ್ಳೆಯ ಸುಡುವಿಕೆ ಅಂದರೆ ಅದೊಂದೇ ಎಂದು ತಿಳಿದಿದ್ದಳು.

"ಸುಡದ ತಿಳ್ಯಾಂಗಿಲ್ಲೇನು?"

"ನನಗ ಬ್ಯಾರೆ ದಾರಿ ಗೊತ್ತಿಲ್ಲವಾ. ಇಷ್ಟೇ ಇಷ್ಟು ಸುಟ್ಟು, ಇಡೀ ಸೀಮಿ ಸುಡೂದು ನಿಲ್ಲಸಬೇಕು ಅಂತ ಐತಿ."

ಆಮೇಲೆ ತೋಟಕ್ಕೆ ಕರೆದೊಯ್ದು ತೋರಿಸಿದ. ಒಂದು ಪಟ್ಟಿಯಲ್ಲಿ ಪ್ರತಿ ವರ್ಷ ರವದಿ ಸುಡುತ್ತಿದ್ದರು, ಇನ್ನೊಂದರಲ್ಲಿ ಹಾಗೆಯೇ ಕೊಳೆಯಲು ಬಿಟ್ಟಿದ್ದರು. ಸುಡದ ಪಟ್ಟಿಯಲ್ಲಿ ಕಾಲಿಟ್ಟರೆ ನೆಲ ಹಾಸಿಗೆಯಂತೆ ಕುಸಿಯುತ್ತಿತ್ತು. ಆ ಪಟ್ಟಿಗೆ ಬೆಂಕಿ ತಾಕದಂತೆ ಅವನು ವರ್ಷಾನುಗಟ್ಟಲೆ ಕಾದಿದ್ದ. ಕುಲುಮೆಯ ಕೆಲಸ ಹಿಡಿದಾಗಿನಿಂದ ಅಷ್ಟಮಿ ಚತುರ್ದಶಿಗೆ ತಪ್ಪದೆ ಉಪವಾಸ ಮಾಡುತ್ತಿದ್ದ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ತಾಯಿಗೆ ಗೊತ್ತಿತ್ತು.

*

ಒಂದು ಬೇಸಿಗೆಯಲ್ಲಿ ಆ ಪಟ್ಟಿ ಸುಟ್ಟುಹೋಯಿತು. ಮನೆಗೆ ಗೊತ್ತಾದದ್ದು ಅಷ್ಟೇ. ಹೇಗೆ ಸುಟ್ಟಿತು ಎಂದು ಕೇಳಿದರೆ ಗೊಮ್ಮಟೇಶ ಎದ್ದು ಹೋಗುತ್ತಿದ್ದ. ರಜೆ ಹಾಕಿ ಊರಿಗೆ ಬಂದವನು ಉಣ್ಣಲಿಲ್ಲ, ಮಾತಾಡಲಿಲ್ಲ. ದಿನಾ ಸಂಜೆ ಪಡಸಾಲೆಯಲ್ಲಿ ಮೂಗು ಎತ್ತಿ ಕೇಳುತ್ತಿದ್ದ:

"ಅವ್ವಾ, ಹೊಗಿ ವಾಸನಿ ಬರಾಕತ್ತೈತೇನು?"

ಮಳೆಗಾಲ, ಎಲ್ಲಿಯೂ ಏನೂ ಉರಿಯುತ್ತಿರಲಿಲ್ಲ. "ಇಲ್ಲಪಾ," ಎನ್ನುತ್ತಿದ್ದಳು ಜಿನ್ನವ್ವ. ಆದರೂ ಅವನು ಹೊರಗೆ ಹೋಗಿ ನೋಡಿ ಬರುತ್ತಿದ್ದ.

ಕಡೆಗೆ ಗೋಕಾಕದ ಡಾಕ್ಟರರ ಬಳಿ ಕರೆದೊಯ್ದಳು. ಡಾಕ್ಟರರು ಎದೆ ನೋಡಿದರು, ರಕ್ತ ನೋಡಿದರು, ಬಹಳ ಹೊತ್ತು ಮಾತಾಡಿಸಿದರು. ಪರದೆಯ ಹೊರಗೆ ಕುಳಿತ ಜಿನ್ನವ್ವನ ಕಿವಿಗೆ ಬಿದ್ದದ್ದು ಒಂದೇ ಶಬ್ದ. ಡಾಕ್ಟರರು ಅಂದದ್ದು 'ಬರ್ನ್‌ಔಟ್', ಮನಸ್ಸು ಉರಿದು ಬರಿದಾಗಿದೆ ಎಂಬ ಅರ್ಥದಲ್ಲಿ. ಅವಳಿಗೆ ಕೇಳಿಸಿದ್ದು 'ಬರ್ನಾಲ್'. ಸುಟ್ಟ ಗಾಯಕ್ಕೆ ಹಚ್ಚುವ ಆ ಹಳದಿ ಮುಲಾಮು ಯಾರಿಗೆ ಗೊತ್ತಿಲ್ಲ? ಒಲೆಯ ಮುಂದೆ ಬದುಕಿದ ಹೆಂಗಸಿಗಂತೂ ಗೊತ್ತೇ ಗೊತ್ತು. ಬಸ್‌ಸ್ಟ್ಯಾಂಡಿನ ಔಷಧದ ಅಂಗಡಿಯಲ್ಲಿ ಒಂದು ಟ್ಯೂಬು ಕೊಂಡಳು.

ಬಸ್ಸು ಹೊರಟ ಮೇಲೆ ಅದನ್ನು ಸೆರಗಿನಿಂದ ತೆಗೆದು, "ಎಲ್ಲಿ ಸುಟಗೊಂಡಿ? ತೋರಸು," ಎಂದಳು.

ಗೊಮ್ಮಟೇಶ ಟ್ಯೂಬನ್ನು ನೋಡಿದ, ತಾಯಿಯ ಮುಖ ನೋಡಿದ. ಆಮೇಲೆ ನಕ್ಕ. ಬಸ್ಸಿನ ಮಂದಿ ತಿರುಗಿ ನೋಡುವಷ್ಟು ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಗು ನಿಂತ ಮೇಲೆ ಸುಮ್ಮನೆ ಅಂಗಿಯ ಗುಂಡಿ ಬಿಚ್ಚಿದ.

"ಇಲ್ಲೆ ಅವ್ವಾ," ಎಂದು ಎದೆ ತೋರಿಸಿದ.

ಎದೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಜಿನ್ನವ್ವ ಏನೂ ಕೇಳದೆ ಹಚ್ಚಿದಳು. ಅಂದಿನಿಂದ ದಿನಾ ಸಂಜೆ ಹಚ್ಚಿದಳು. ಶುಭಾಂಗಿ ಅವನ ಬನಿಯನ್ ಒಗೆಯುವಾಗ, "ಈ ಹಳದಿ ಕಲಿ ಹೋಗಂಗಿಲ್ರಿ ಅತ್ತಿ," ಎಂದು ಗೊಣಗಿದರೂ ಬಿಡಲಿಲ್ಲ. ಬರಬರುತ್ತ ಅವನು ಉಂಡ, ಊರಿನಿಂದಲೇ ನೌಕರಿಗೂ ಹೋಗಿಬರತೊಡಗಿದ. ಆದರೆ ಹಳೆಯ ಗೊಮ್ಮಟೇಶ ತಿರುಗಿ ಬರಲಿಲ್ಲ. ಕಟ್ಟಿಗೆಯೆಲ್ಲ ಉರಿದು ಮುಗಿದ ಒಲೆಯ ಹಾಗೆ, ಮುಟ್ಟಿದರೆ ಬಿಸಿ ಮಾತ್ರ ಇತ್ತು.

ಊರ ಹೊಲದಲ್ಲಿ ಬೇವಿನ ಗಿಡದ ಸುತ್ತಿನ ಅರ್ಧ ಎಕರೆಗೆ ಬೆಂಕಿ ತಾಕಿಸಬಾರದೆಂದು ಅವನು ಹಠ ಹಿಡಿದದ್ದು ಆಗಲೇ. ರವದಿಯನ್ನು ಅಲ್ಲಿಯೇ ಹಾಸಿ ಬಿಟ್ಟ. ಉದ್ದಪ್ಪನಿಗೆ ಅದೊಂದು ತಮಾಷೆ. "ಸಾಹೇಬ್ರ, ನಿಮ್ಮ ಹೊಲಾ ತಲಿ ಬಾಚಕೊಳ್ಳದ ಹೆಣ್ಣಿನಂಗ ಕಾಣತೈತಿ ನೋಡ್ರಿ!" ಎನ್ನುತ್ತಿದ್ದ. ಗೊಮ್ಮಟೇಶ, "ಮುಂದ ಹೂ ಮುಡಿಸೋಣ ತಡಿಯೋ," ಎನ್ನುತ್ತಿದ್ದ. ಉದ್ದಪ್ಪ ತನ್ನ ರವದಿ ಸುಡುವ ದಿನ ಗೊಮ್ಮಟೇಶ ಹಸಿ ಬೇವಿನ ಟೊಂಗೆ ಹಿಡಿದು ನಡುವಿನ ಬದುವಿನ ಮೇಲೆ ಕುಳಿತಿರುತ್ತಿದ್ದ, ಕಿಡಿ ದಾಟಿ ಬರಬಾರದೆಂದು.

*

ಮಧ್ಯಾಹ್ನ ದಾಟಿದ ಮೇಲೆ ತೋಟದ ಜೊತೆಗಾರ ಪ್ರಭು ಮೋಟರ್ ಸೈಕಲ್ ಮೇಲೆ ಬಂದ. ಎಸ್‌ಟಿಡಿ ಬೂತಿನಿಂದ ಯಾರೋ ಫೋನ್ ಮಾಡಿ ತಿಳಿಸಿದ್ದರು. ಹೆಣದ ಕಾಲು ಮುಟ್ಟಿ ನಮಸ್ಕರಿಸಿ, ಜಿನ್ನವ್ವನ ಮುಂದೆ ಕುಳಿತ.

"ಅವ್ವಾರ, ಆ ಪಟ್ಟಿ ಸುಟ್ಟಾಗಿಂದ ಅವರು ಮನಸ್ಯಾ ಆಗಿ ಉಳೀಲಿಲ್ರಿ."

"ಯಾರು ಸುಟ್ಟರಪಾ ಅದನ್ನ?" ಎಂದಳು ಜಿನ್ನವ್ವ. ಎಷ್ಟೋ ದಿನದಿಂದ ನಾಲಿಗೆಯ ಮೇಲಿದ್ದ ಮಾತು.

ಪ್ರಭು ತಲೆ ತಗ್ಗಿಸಿದ. "ನಿಮಗ ಹೇಳಿಲ್ಲೇನ್ರಿ? ದೊಡ್ಡ ಮಂದಿ ಪ್ರಯೋಗ ನೋಡಾಕ ಬರೂದಿತ್ತು. ನಮ್ಮ ಗೊಮ್ಮಟೇಶ ಸಾಹೇಬ್ರು ಹಿಂದಿನ ದಿನ ಆಳುಗಳಿಗೆ, 'ನಾಳೆ ಮಂದಿ ಬರತಾರ, ಹೊಲಾ ಹಸನ ಮಾಡಿ ಇಡ್ರಿ' ಅಂತ ಹೇಳಿ ಹ್ವಾದ್ರು. ದಾರಿ ಸ್ವಚ್ಛ ಮಾಡ್ರಿ, ಕಸಾ ಕೀಳ್ರಿ ಅಂತ ಅವರ ಮನಸಿನಾಗ. ಆಳುಗಳು ಹೊಸಬ್ರು. ಕಬ್ಬಿನ ಹೊಲಾ ಹಸನ ಮಾಡೂದಂದ್ರ ರೈತಗ ಒಂದ ಅರ್ಥ ಅಲ್ರಿ? ಕಡ್ಡಿ ಗೀರಿದ್ರು. ಮುಂಜಾನೆ ಸಾಹೇಬ್ರು ಬಂದು ನೋಡತಾರ, ಎರಡೂ ಪಟ್ಟಿ ಒಂದ ಕಪ್ಪು. ಆಳುಗಳ ಮ್ಯಾಲ ಸಿಟ್ಟಾಗಲಿಲ್ರಿ. 'ಅವರು ತಿಳಕೊಂಡದ್ದು ಬರೊಬ್ಬರಿ ಐತಿ. ಹೇಳಿದಾಂವ ನಾನು' ಅಂದ್ರು. ಅಷ್ಟ."

ಜಿನ್ನವ್ವನ ಕೈ ಬಿಳಿ ಬಟ್ಟೆಯ ಮೇಲೆ ನಿಂತಿತು. ಹಸನ. ಆ ಮಾತನ್ನು ಇವತ್ತು ಇದೇ ಅಂಗಳದಲ್ಲಿ ಕೇಳಿದ್ದಳು.

"ಭೂಪಾಲ! ಕೆಂಚಪ್ಪನ್ನ ಎಲ್ಲಿ ಕಳಿಸಿದಿ?"

"ಹೊಲಕ್ಕ. ಯಾಕ ವೈನಿ?" ಎಂದ ಭೂಪಾಲ, ಅತ್ತಿಗೆಯ ಕಡೆ ತಿರುಗಿ.

ಉತ್ತರ ಕೊಡಲು ಅವಳು ಅಲ್ಲಿ ಇರಲಿಲ್ಲ. ಉಡಿಯಲ್ಲಿದ್ದ ಮಸಿ ದಾರಿಯುದ್ದಕ್ಕೂ ಉದುರುತ್ತಿತ್ತು. ಬರಿಗಾಲಲ್ಲಿ, ಸೆರಗು ನೆಲ ಬಳಿಯುತ್ತ, ಮುದುಕಿ ಓಡುತ್ತಿದ್ದಳು. ಹಿಂದೆ ಭೂಪಾಲ, ಅವನ ಹಿಂದೆ ಪ್ರಭು.

ಬೇವಿನ ಗಿಡದ ಕೆಳಗೆ ಕೆಂಚಪ್ಪ ರವದಿಯನ್ನು ಗುಡ್ಡೆ ಹಾಕಿದ್ದ. ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಗುಡ್ಡೆಯ ಮೇಲೆ, ಎರಡೂ ಕಾಲು ಅಗಲಿಸಿ, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಉದ್ದಪ್ಪ ನಿಂತಿದ್ದ.

"ನೋಡ್ರಿ ಯಜಮಾನ್ರ," ಎಂದು ಕೆಂಚಪ್ಪ ದೂರಿದ. "ಹಸನ ಮಾಡಂದ್ರಿ. ಇಂವಾ ಇಳಿಯಾಂಗಿಲ್ಲ ಅಂತಾನ."

"ಹಚ್ಚೋ, ನನಗೂ ಕೂಡೇ ಹಚ್ಚು," ಎಂದ ಉದ್ದಪ್ಪ. "ಆ ಮನಸ್ಯಾ ಮುಂಜಾನೆ ಇಲ್ಲೇ ಕಣ್ಣ ತಗದ ಕುಂತಿದ್ದ. ಇನ್ನೂ ನೋಡಾಕತ್ತಾನ ಅನಸ್ತೈತಿ ನನಗ."

ಭೂಪಾಲ ಏದುಸಿರು ಬಿಡುತ್ತ ಹೇಳಿದ, "ವೈನಿ, ನಮ್ಮ ಅಣ್ಣನ್ನ ಸುಟ್ಟದ್ದು ಇಲ್ಲೆ, ಅಪ್ಪನ್ನ ಸುಟ್ಟದ್ದು ಇಲ್ಲೆ. ಇಂವನ್ನ ಬ್ಯಾರೆ ಕಡೆ ಹಾಕಿದ್ರ ಮಂದಿ ಏನಂದಾರು? ಹೊತ್ತು ಬ್ಯಾರೆ ಇಳ್ಯಾಕತ್ತೈತಿ."

ಜಿನ್ನವ್ವ ಬೇವಿನ ಬುಡಕ್ಕೆ ಹೋದಳು. ಮೊಣಕಾಲೂರಿ, ಹಾಸಿದ ರವದಿಯನ್ನು ಎರಡು ಕೈಯಿಂದ ಎತ್ತಿದಳು. ಕೆಳಗೆ ನೆಲ ಒದ್ದೆಯಾಗಿ, ಕಪ್ಪಗೆ, ಮೆತ್ತಗಿತ್ತು. ಎರೆಹುಳುಗಳು ಬೆಳಕಿಗೆ ಬೆದರಿ ಒಳಗೆ ಸರಿದವು. ಇರುವೆಗಳು ತತ್ತಿ ಹೊತ್ತು ಓಡಾಡಿದವು. ಹೆಸರಿಲ್ಲದ ಬಿಳಿ ಹುಳುಗಳು, ಕೆಂಪು ಹುಳುಗಳು ಮಿಜಿಮಿಜಿ ಎಂದವು.

"ಮುಂಜಾನಿಂದ ಕಟ್ಟಿಗಿ ಬಡದು ಬಡದು ಇರಿವಿ ಉದುರಿಸಿದಿ," ಎಂದಳು ಮೆಲ್ಲಗೆ. "ಇದನ್ನ ಹೆಂಗ ಉದುರಿಸ್ತಿ ಭೂಪಾಲ?"

ಭೂಪಾಲ ಬಗ್ಗಿ ನೋಡಿದ. ಕೈಯೆತ್ತಿ ಕಣ್ಣು ಒರೆಸಿಕೊಂಡ.

"ಮತ್ತ ಎಲ್ಲಿ ಇಡೂದು ವೈನಿ ಅಂವನ್ನ?"

ಉದ್ದಪ್ಪ ಗುಡ್ಡೆಯಿಂದ ಇಳಿದು ಬದುವಿನ ಆಚೆ ಕೈ ತೋರಿಸಿದ. ಅವನ ಹೊಲ ಕರ್ರಗೆ ಬಿದ್ದಿತ್ತು. "ಮೊನ್ನಿ ಸುಟ್ಟ ಹೊಲಾ ನಂದು. ಅಲ್ಲಿ ಇರಿವಿ ಸೈತ ಇಲ್ಲ. ಅಲ್ಲೆ ಇಡ್ರಿ ಎವ್ವಾ, ಸಾಹೇಬ್ರನ್ನ."

"ನೀವು ಹೂಳೂ ಮಂದಿ," ಎಂದ ಭೂಪಾಲ. "ನಿಮ್ಮ ಹೊಲದಾಗ ನಮ್ಮ ಚಿತಿ. ನಿನ್ನ ಹೆಣತಿ ಒಪ್ಪತಾಳೇನೋ?"

"ಒಪ್ಪಾಂಗಿಲ್ರಿ, ಬೈತಾಳ. ದಿನಾ ಸುಮ್ಮಸುಮ್ಮನ ಬೈತಾಳ, ಇವತ್ತ ಒಂದ ದಿನಾ ಕಾರಣ ಇಟ್ಟಕೊಂಡು ಬೈಲಿ."

ಅಳುತ್ತಿದ್ದ ಪ್ರಭು ಕೂಡ ಮುಖ ತಿರುಗಿಸಿ ನಕ್ಕ. ಜಿನ್ನವ್ವ ರವದಿಯನ್ನು ಮೊದಲಿದ್ದಂತೆ ಹುಳುಗಳ ಮೇಲೆ ಹೊದಿಸಿ ಎದ್ದಳು.

"ಅಲ್ಲೆ ಇಡ್ರಿ," ಎಂದಳು.

*

ಹೊತ್ತು ಮುಳುಗಲು ಇನ್ನೂ ತುಸು ಸಮಯವಿರುವಾಗ ಭೂಪಾಲ ಬೆಂಕಿ ಇಟ್ಟ. ಣಮೋಕಾರ ಮಂತ್ರ ಹೇಳುತ್ತಿದ್ದವರ ದನಿ ಉರಿಯ ಸದ್ದಿನಲ್ಲಿ ಒಂದಾಯಿತು. ತುಪ್ಪ ಬಿದ್ದಾಗ ಜ್ವಾಲೆ ಎತ್ತರಕ್ಕೆ ಎದ್ದಿತು.

"ವೈನಿ, ಹೆಂಗಸರು ಸುಡೂ ಜಾಗಾಕ್ಕ ಬರಬಾರದು," ಎಂದು ಭೂಪಾಲ ಮೊದಲೇ ಹೇಳಿದ್ದ.

"ನಾ ಎಲ್ಲಿ ಬಂದೇನಿ? ನಮ್ಮ ಹೊಲದ ಬದುವಿನ ಮ್ಯಾಲ ಕುಂತೇನಿ," ಎಂದಿದ್ದಳು ಜಿನ್ನವ್ವ. ಕೈಯಲ್ಲಿ ಹಸಿ ಬೇವಿನ ಟೊಂಗೆ ಇತ್ತು. ಸೊಂಟದಲ್ಲಿ, ಮುಂಜಾನೆ ಮಗನ ಹಾಸಿಗೆ ಸುತ್ತುವಾಗ ದಿಂಬಿನ ಕೆಳಗೆ ಸಿಕ್ಕಿದ್ದ ಹಳದಿ ಟ್ಯೂಬು.

ಕಟ್ಟಿಗೆ ಕುಸಿದಂತೆ ಒಬ್ಬೊಬ್ಬರೇ ಹೊರಟರು. ಪಶ್ಚಿಮದ ಕಡೆಯಿಂದ ಗಾಳಿ ಎದ್ದಿತು. ಹೊಗೆ ಬಗ್ಗಿ, ಬದು ದಾಟಿ, ಅವಳ ಮುಖದ ಮೇಲೆ ಬಂತು.

ಅವ್ವಾ, ಹೊಗಿ ವಾಸನಿ ಬರಾಕತ್ತೈತೇನು?

ಕಿವಿಯ ಹತ್ತಿರವೇ ಕೇಳಿಸಿತು. ಅದೇ ದನಿ, ಪಡಸಾಲೆಯದು.

"ಹೂನಪಾ," ಎಂದಳು ಜಿನ್ನವ್ವ. "ಬರಾಕತ್ತೈತಿ. ನಾ ಇದೇನಿ."

ಚಿತೆಯಿಂದ ಒಂದು ಕಿಡಿ ಎದ್ದಿತು. ತೇಲುತ್ತ, ಅವಸರವಿಲ್ಲದೆ, ಅವಳ ತಲೆಯ ಮೇಲಿಂದ ದಾಟಿ ಮಗನ ಹೊಲದಲ್ಲಿ ಇಳಿಯಿತು. ರವದಿಯ ಒಂದು ಗರಿ ಕೆಂಪಾಯಿತು. ಟೊಂಗೆಯಿಂದ ಬಡಿಯಲು ಜಿನ್ನವ್ವ ಕೈ ಎತ್ತಿದಳು. ಆಮೇಲೆ ಟೊಂಗೆಯನ್ನು ಪಕ್ಕಕ್ಕಿಟ್ಟು, ಬದುವಿನಿಂದ ಇಳಿದು, ಬರಿ ಅಂಗೈಯನ್ನು ಅದರ ಮೇಲೆ ಇಟ್ಟು ಒತ್ತಿದಳು. ಅದು ಆರುವ ತನಕ ಒತ್ತಿ ಹಿಡಿದಳು.

"ಎವ್ವಾ, ಕೈ ಸುಟಗೊಂಡಿ!" ಎಂದು ಆಚೆಯಿಂದ ಉದ್ದಪ್ಪ ಕೂಗಿದ.

ಜಿನ್ನವ್ವ ಸೊಂಟದಿಂದ ಟ್ಯೂಬು ತೆಗೆದು ಮುಚ್ಚಳ ಬಿಚ್ಚಿದಳು. ಅದರಲ್ಲಿ ಸ್ವಲ್ಪವೇ ಉಳಿದಿತ್ತು. ಹಿಂಡಿ ಹಿಂಡಿ ಬೆರಳ ತುದಿಗೆ ತೆಗೆದುಕೊಂಡು, ಬಗ್ಗಿ, ರವದಿಯ ನಡುವೆ ಕಪ್ಪಾಗಿದ್ದ ಕಾಸಗಲದ ಜಾಗಕ್ಕೆ ಮೆಲ್ಲಗೆ ಹಚ್ಚತೊಡಗಿದಳು.