ಹೊರಗಿನ ಬೀಗ

"ಬೀಗ ಹಾಕಿದ್ದು ನೀನು, ಒಳಗೆ ಯಾರೂ ಇಲ್ಲ ಅಂತ ಬೊಗಳಿದ್ದೂ ನೀನು. ಕೊಂದಿದ್ದು ಮಾತ್ರ ಅವನಾ?"

ಮೇಸ್ತ್ರಿ ಮುತ್ತಣ್ಣನ ವಕೀಲ ಕೋರ್ಟಿನ ವರಾಂಡದಲ್ಲಿ, ನಾಲ್ಕು ಜನಕ್ಕೆ ಕೇಳುವಂತೆ ಹೊಳೆವ್ವನನ್ನು ಜಾಡಿಸಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಪಟ್ಟಂದೂರು ಅಗ್ರಹಾರದ ತಗಡಿನ ಶೆಡ್ಡುಗಳಲ್ಲಿದ್ದವರಿಗೆಲ್ಲ ಮುತ್ತಣ್ಣನೇ ಹಿರಿಯ. ಯಾದಗಿರಿ ಕಡೆಯಿಂದ ಅವರನ್ನು ಕರೆತಂದವನು, ಅವರ ಆಧಾರ್ ಕಾರ್ಡುಗಳನ್ನು ಜೋಪಾನವಾಗಿಟ್ಟವನು, ಹೊಳೆವ್ವನ ಮಗಳು ಮಹಾದೇವಿಗೆ ಗಂಡು ನೋಡಿದವನು. ಜ್ವರವೆಂದು ಮಲಗಿದ ಹೆಣ್ಣುಮಕ್ಕಳನ್ನು ಜಡೆ ಹಿಡಿದು ಕಟ್ಟಡದ ಕೆಲಸಕ್ಕೆ ಎಳೆದೊಯ್ಯುತ್ತಿದ್ದವನೂ ಅವನೇ. ಅದಕ್ಕೆ ಶೆಡ್ಡಿನವರು ಒಂದು ಉಪಾಯ ಕಂಡುಕೊಂಡಿದ್ದರು. ಮೈ ಸರಿಯಿಲ್ಲದವರನ್ನು ಒಳಗೆ ಮಲಗಿಸಿ, ಹೊರಗಿನಿಂದ ಬೀಗ ಜಡಿದು ಹೋಗುತ್ತಿದ್ದರು.

ಆ ದಿನ ಮಹಾದೇವಿಗೆ ಜ್ವರ ಬಿಟ್ಟಿರಲಿಲ್ಲ. "ಒಳಗ ಯಾರೂ ಇಲ್ಲಲ್ಲವ್ವ?" ಎಂದು ಮುತ್ತಣ್ಣ ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಕೇಳಿದ. "ಯಾರೂ ಇಲ್ಲೋ ಯಪ್ಪಾ" ಎಂದಳು ಹೊಳೆವ್ವ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಅವನು ಬೆಂಕಿಯಿಟ್ಟ. ಹದಿನೆಂಟು ಶೆಡ್ಡು ಉರಿದವು. ಬೀಗ ಒಡೆಯುವ ಹೊತ್ತಿಗೆ ಮಹಾದೇವಿ ಉಳಿದಿರಲಿಲ್ಲ. ಜಾಗ ಖಾಲಿ ಮಾಡಿಸು ಎಂದು ಅವನಿಗೆ ಹೇಳಿದ ಧಣಿಯ ಹೆಸರು ಪೊಲೀಸರ ಕಾಗದದಲ್ಲಿ ಬರಲೇ ಇಲ್ಲ.

ಇವತ್ತು ಶಿಕ್ಷೆ ಹೇಳುವ ದಿನ. ನಂಬಿದವರ ಸೂರಿಗೇ ಕೊಳ್ಳಿಯಿಟ್ಟವನಿಗೆ ಜೀವಾವಧಿ ಆಗಬೇಕೆಂದು ಸರ್ಕಾರಿ ವಕೀಲರು ಕೇಳಿಕೊಂಡರು. ನ್ಯಾಯಾಧೀಶರು ಓದಿದರು: ಬಾಗಿಲಿಗೆ ಬೀಗವಿತ್ತು, ಆರೋಪಿ ವಿಚಾರಿಸಿಯೂ ಇದ್ದಾನೆ, ಕೊಲ್ಲುವ ಉದ್ದೇಶ ಕಾಣುವುದಿಲ್ಲ. ಏಳು ವರ್ಷ.

ಹೊಳೆವ್ವ ಎದ್ದು ನಿಂತಳು.

"ಬೀಗ ಯಾಕ ಹಾಕೀದಿ ಅಂತ ಒಬ್ರೂ ಕೇಳಲಿಲ್ರೀ ಸಾಹೇಬ್ರ. ಹೌದು ಇಲ್ಲ, ಅಷ್ಟ ಹೇಳು ಅಂದ್ರು. ಈ ಭಾಡ್ಯಾನ ಅಂಜಿಕಿಗೆ ಹಾಕೀನ್ರಿ. ಅದನ್ನೂ ಬರಕೋರಿ."

"ಏಯ್, ಎಲ್ಲಾ ಮುಗೀತು, ನಡಿಯಮ್ಮ ಆಚೆ" ಎಂದು ಪೊಲೀಸಿನವನು ಅವಳ ರಟ್ಟೆ ಹಿಡಿದ. ಬರೆದುಕೊಳ್ಳಬೇಕಾದವನು ಆಗಲೇ ಮುಂದಿನ ಕೇಸಿನ ಕಡತ ತೆಗೆಯುತ್ತಿದ್ದ.

ಮರುದಿನ ಬೆಳಿಗ್ಗೆ, ಹೊಸ ಶೆಡ್ಡುಗಳ ಸಾಲಿನಲ್ಲಿ ಹೊಸ ಮೇಸ್ತ್ರಿ ಸಂಗಣ್ಣ ತಲೆ ಎಣಿಸುತ್ತ ಬರುತ್ತಿದ್ದ. ಪಕ್ಕದ ಶೆಡ್ಡಿನ ಸವಿತಾಗೆ ಜ್ವರ. ಅವಳ ಗಂಡ ಈಶಪ್ಪ ಕಣ್ಣು ಅತ್ತಿತ್ತ ಹೊರಳಿಸುತ್ತ ಬಾಗಿಲಿಗೆ ಬೀಗ ಸಿಕ್ಕಿಸುತ್ತಿದ್ದ. ಹೊಳೆವ್ವ ಅದನ್ನು ಕಿತ್ತುಕೊಂಡು ಮೋರಿಗೆ ಎಸೆದಳು. ಬಾಗಿಲನ್ನು ಪೂರಾ ತೆರೆದು ಹೊಸ್ತಿಲ ಮೇಲೆ ಕೂತಳು.

"ಯಾವ ಹಡಬಿಟ್ಟಿ ಬಿದ್ದಾಳಲೇ ಒಳಗ?" ಸಂಗಣ್ಣ ಗದರಿದ.

"ಸವಿತಾ ಮಲಗ್ಯಾಳ, ಜ್ವರ ಬಂದೈತಿ" ಎಂದಳು ಹೊಳೆವ್ವ, ಇಡೀ ಸಾಲಿಗೆ ಕೇಳುವಂತೆ. "ಒಳಗ ಮಂದಿ ಅದಾರ. ಕಣ್ಬಿಟ್ಟು ನೋಡ್ಕೋ."

ಸಂಗಣ್ಣ ಒಳನುಗ್ಗಲು ಕಾಲೆತ್ತಿದ. ಹೊಳೆವ್ವ ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು.